ಅರ್ಧಗಂಟೆ ಅಜ್ಜಿಯ ಮೊದಲ ತಟ್ಟೆ

ಬೀದಿದೀಪಗಳು ಇನ್ನೂ ಆರಿಲ್ಲ. ಶಾಲೆಯ ಹಿಂಬದಿಯ ಅಡುಗೆಮನೆಯಲ್ಲಿ ಆಗಲೇ ದೊಡ್ಡ ಒಲೆಗಳೆರಡೂ ಉರಿಯುತ್ತಿವೆ. ಕಲ್ಲಿನ ಕಟ್ಟೆಯ ಮುಂದೆ ನಿಂತ ಹೆಂಗಸೊಬ್ಬರು ಕುಂಬಳಕಾಯಿಯನ್ನು ಸೀಳಿ, ಬೀಜ ತೆಗೆದು, ಹೋಳುಗಳನ್ನು ನೀರು ತುಂಬಿದ ಬಕೆಟ್ಟಿಗೆ ಹಾಕುತ್ತಿದ್ದಾರೆ. ಪಕ್ಕದಲ್ಲಿ ಪಾತ್ರೆ ತೊಳೆಯುವಾಕೆ ಬಿಸಿ ಟೀಯಲ್ಲಿ ಬನ್ನು ಅದ್ದಿ ತಿನ್ನುತ್ತಿದ್ದಾಳೆ. ತರಕಾರಿ ತಂದ ಆಟೋದವನಿಗೂ ಒಂದು ಬನ್ನು, ಒಂದು ಲೋಟ ಟೀ ಸಿಗುತ್ತದೆ. ಕುಂಬಳಕಾಯಿ ಹೆಚ್ಚುತ್ತಿರುವ ಹೆಂಗಸಿಗೆ ಮಾತ್ರ ಯಾರೂ ಏನೂ ಕೊಡುವುದಿಲ್ಲ, ಅವರೂ ಕೇಳುವುದಿಲ್ಲ. ಆಗಾಗ ಎರಡು ಗುಟುಕು ನೀರು ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ.

"ತಿನ್ನೋರ ಕಡೆ ನೋಡಬಾರದು, ಅಷ್ಟೇ. ನೋಡಿದ್ರೆ ಹೊಟ್ಟೆ ತಾಳ ಹಾಕೋಕೆ ಶುರು ಮಾಡುತ್ತೆ" ಎಂದು ನಗುತ್ತಾರೆ.

ಇವರನ್ನು ಶಾಲೆಯ ಮಕ್ಕಳು ಕರೆಯುವುದು ಅರ್ಧಗಂಟೆ ಅಜ್ಜಿ ಎಂದು. ಅಜ್ಜಿ ಎನ್ನಿಸಿಕೊಳ್ಳುವ ವಯಸ್ಸೇನೂ ಅಲ್ಲ, ಐವತ್ತೆಂಟು. ತಲೆಗೂದಲು ಮುಕ್ಕಾಲುಪಾಲು ಕಪ್ಪಗೇ ಇದೆ. ಆದರೆ ಮಕ್ಕಳ ಬಾಯಿಗೆ ಬಿದ್ದ ಹೆಸರನ್ನು ತೊಳೆದು ತೆಗೆಯುವ ಸೋಪು ಇನ್ನೂ ಬಂದಿಲ್ಲ. ಇವರ ಕೆಲಸ ಕೇಳಿದರೆ ಮೊದಲು ಎಲ್ಲರಿಗೂ ತಮಾಷೆ ಎನಿಸುತ್ತದೆ. ಇವರು ಊಟ ಮಾಡಬೇಕು. ಅದೇ ಇವರ ಕೆಲಸ.

ಐನೂರಕ್ಕೂ ಹೆಚ್ಚು ಮಕ್ಕಳು ಮಧ್ಯಾಹ್ನ ಇಲ್ಲಿ ಉಣ್ಣುತ್ತಾರೆ. ಅವರ ತಟ್ಟೆಗೆ ಒಂದು ಅಗುಳು ಬೀಳುವ ಮುಂಚೆ ಅಜ್ಜಿ ಒಂದು ತಟ್ಟೆ ಪೂರ್ತಿ ಉಣ್ಣಬೇಕು. ಚಮಚದ ತುದಿಯಲ್ಲಿ ನಾಲಿಗೆಗೆ ಸೋಕಿಸಿ 'ಚೆನ್ನಾಗಿದೆ' ಎಂದರೆ ಆಗುವುದಿಲ್ಲ. ಒಂದು ಮಗು ಎಷ್ಟು ಉಣ್ಣುತ್ತದೋ ಅಷ್ಟು, ಪ್ರತಿ ಪಾತ್ರೆಯಿಂದಲೂ, ಅದೂ ಮೇಲಿಂದ ಒಂದಿಷ್ಟು, ತಳದಿಂದ ಒಂದಿಷ್ಟು. ಉಂಡ ಮೇಲೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಬೇಕು. ಏನೂ ಆಗದಿದ್ದರೆ ಎದ್ದು ಗಂಟೆ ಬಾರಿಸಬೇಕು. ಬೆಳಗ್ಗೆ ಎದ್ದಾಗಿನಿಂದ ಆ ತಟ್ಟೆಯವರೆಗೆ ನೀರು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುವಂತಿಲ್ಲ. ಹೊಟ್ಟೆ ಕೆಟ್ಟರೆ ಅದು ಈ ಊಟದಿಂದಲೇ ಕೆಟ್ಟಿತೆಂದು ಅನುಮಾನವಿಲ್ಲದೆ ತಿಳಿಯಬೇಕಲ್ಲ, ಅದಕ್ಕೆ. ಹಾಗಾಗಿ ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುವ ಹೆಂಗಸೇ ಎಲ್ಲರಿಗಿಂತ ಹೆಚ್ಚು ಹಸಿದಿರುತ್ತಾರೆ.

ಮೊದಲು ಈ ಕೆಲಸ ಮೇಷ್ಟರುಗಳ ಪಾಲಿಗಿತ್ತು. ಒಬ್ಬೊಬ್ಬರು ಒಂದೊಂದು ದಿನ ಬಂದು ಒಂದು ಚಮಚ ಬಾಯಿಗೆ ಹಾಕಿಕೊಂಡು, ಕೈ ಒರೆಸಿಕೊಂಡು ಹೋಗುತ್ತಿದ್ದರು. ಆಮೇಲೆ ಬೇರೆಲ್ಲೋ ಒಂದು ಶಾಲೆಯಲ್ಲಿ ಮಕ್ಕಳು ಊಟ ಮಾಡಿ ಹಾಸಿಗೆ ಹಿಡಿದರು. ನಿಯಮ ಬಿಗಿಯಾಯಿತು. ಪೂರ್ತಿ ತಟ್ಟೆ, ಅರ್ಧ ಗಂಟೆ, ಅಲ್ಲಿಯವರೆಗೆ ಖಾಲಿ ಹೊಟ್ಟೆ ಎಂದ ಕೂಡಲೇ ಒಬ್ಬೊಬ್ಬ ಮೇಷ್ಟರಿಗೂ ಒಂದೊಂದು ಕಾಯಿಲೆ ನೆನಪಾಯಿತು. ಒಬ್ಬರಿಗೆ ಸಕ್ಕರೆ, ಒಬ್ಬರಿಗೆ ತಲೆಸುತ್ತು. ಆಗ ತರಕಾರಿ ಹೆಚ್ಚಿಕೊಂಡಿದ್ದ ಈಕೆ ಕೈ ಎತ್ತಿದರು.

"ನಂಗೆ ಹಸಿವು ಹೊಸದೇನಲ್ಲ. ಯಜಮಾನರು ಹೋದಾಗ ಮಗಳಿಗಿನ್ನೂ ಎಂಟು ವರ್ಷ. ಎರಡು ಹೊತ್ತು ಉಣ್ಣದೆ ಕೆಲಸ ಮಾಡಿದ ದಿನಗಳು ಬೇಕಾದಷ್ಟಿವೆ. ಇಲ್ಲಿ ಮಧ್ಯಾಹ್ನ ಒಂದು ತಟ್ಟೆ ಗ್ಯಾರಂಟಿ ಇದೆಯಲ್ಲ, ಇದ್ಯಾವ ಮಹಾ ಕಷ್ಟ ಅಂದ್ಕೊಂಡೆ" ಎನ್ನುತ್ತಾರೆ. ಆ ಮಗಳಿಗೆ ಈಗ ಮದುವೆಯಾಗಿದೆ. ಬೇರೆ ಊರಿನಲ್ಲಿ ಹೊಲಿಗೆ ಹೇಳಿಕೊಡುತ್ತಾಳೆ.

ಅಂದಿನಿಂದ ಒಂಬತ್ತು ವರ್ಷ. ಜ್ವರ ಬಂದ ದಿನ ರಜೆ ಹಾಕಿದ್ದಾರೆ, ಏಕೆಂದರೆ ಕಾಯಿಲೆಯವರು ರುಚಿ ನೋಡುವಂತಿಲ್ಲ. ಉಳಿದಂತೆ ಆ ಕುರ್ಚಿ ತಪ್ಪಿಸಿದವರಲ್ಲ. ಅದರಲ್ಲಿ ಕೂತರೆಂದರೆ ಜಪ್ಪಯ್ಯ ಎಂದರೂ ಏಳುವುದಿಲ್ಲ. ಒಮ್ಮೆ ಶಾಲೆಗೆ ದೊಡ್ಡ ಅತಿಥಿಯೊಬ್ಬರು ಬಂದಿದ್ದರು. ಭಾಷಣ ಬೇಗ ಮುಗಿದುಹೋಯಿತು. ಮಕ್ಕಳ ಜೊತೆ ಕೂತು ಉಂಡು ಹೊರಡಬೇಕೆಂದು ಅವರಿಗೆ ಆತುರ, ಫೋಟೋದವನಿಗೆ ಅವರಿಗಿಂತ ಆತುರ. ಮುಖ್ಯೋಪಾಧ್ಯಾಯಿನಿ ಓಡಿ ಬಂದು, "ಹತ್ತು ನಿಮಿಷ ಮುಂಚೆ ಬಿಟ್ಟರೆ ಏನಾಗುತ್ತಮ್ಮ?" ಎಂದು ಕೇಳಿದರಂತೆ. ಅಜ್ಜಿ ಕುರ್ಚಿಯಿಂದ ಕದಲದೆ, "ಏನೂ ಆಗಲಿಕ್ಕಿಲ್ಲ ಮೇಡಂ. ಆದ್ರೂ ಕೂತಿರ್ತೀನಿ" ಎಂದರಂತೆ. ಅತಿಥಿ ಕಾದರು. ಕಾದು ಹಸಿದಿದ್ದರಿಂದಲೋ ಏನೋ, ಎರಡು ಸಲ ಬಡಿಸಿಕೊಂಡರು.

ಮಕ್ಕಳಿಗೆ ಈ ಅರ್ಧ ಗಂಟೆ ಒಂದು ಯುಗ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಅಡುಗೆಮನೆಯ ಕಿಟಕಿಯತ್ತ ಕಣ್ಣು ನೆಟ್ಟಿರುತ್ತಾರೆ. ಮೂರನೇ ತರಗತಿಯ ಒಬ್ಬಳು ಬಾಯಿಬಡುಕಿ ಇದ್ದಾಳೆ. ದಿನಾ ಸಾಲು ಬಿಟ್ಟು ಕಿಟಕಿಗೆ ಬಂದು ಸರಳಿಗೆ ಮೂಗು ಒತ್ತಿ ಕೇಳುತ್ತಾಳೆ: "ಅಜ್ಜೀ, ಇನ್ನೂ ಬದುಕಿದ್ದೀರಾ?"

"ಇದ್ದೀನಿ ಕಣೇ. ಹೋಗಿ ಕೈ ತೊಳ್ಕೋ."

ಅಡುಗೆ ಮಾಡುವಾಕೆಯ ವಿಷಯ ಹೇಳದೆ ಈ ಕಥೆ ಮುಂದಕ್ಕೆ ಹೋಗುವುದಿಲ್ಲ. ಒಲೆಯ ಮುಂದೆ ನಿಂತು ಈಜು ಹೊಡೆಯುವವರ ಹಾಗೆ ದೊಡ್ಡ ಸೌಟು ತಿರುಗಿಸುವ ಆ ಗಟ್ಟಿಮುಟ್ಟಾದ ಹೆಂಗಸು ಬೇರೆ ಯಾರೂ ಅಲ್ಲ, ಅಜ್ಜಿಯ ಓರಗಿತ್ತಿ, ಮೈದುನನ ಹೆಂಡತಿ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಹೊರಗೆ ಒಂದೇ ನಲ್ಲಿ. ಈ ಕೆಲಸಕ್ಕೆ ಆಕೆಯನ್ನು ಕರೆತಂದು ಸೇರಿಸಿದವರೂ ಅಜ್ಜಿಯೇ. ಮನೆಯಲ್ಲಿ ಓರಗಿತ್ತಿಯ ಅಡುಗೆಗೆ ಹೆಸರಿಡದ ದಿನವಿಲ್ಲ. ಉಪ್ಪು ಮುಂದು, ಖಾರ ಹಿಂದು ಎಂದು ಏನಾದರೊಂದು ಹುಳುಕು ಹುಡುಕುತ್ತಾರೆ. ಶಾಲೆಯಲ್ಲಿ ಮಾತ್ರ ಬಾಯಿಗೆ ಬೀಗ. ರುಚಿ ಹೇಗಿದೆಯೆಂದು ಹೇಳುವುದು ಅಜ್ಜಿಯ ಕೆಲಸವಲ್ಲ, ಮಕ್ಕಳು ಉಣ್ಣಬಹುದೇ ಎಂದು ಹೇಳುವುದಷ್ಟೇ.

"ಕುಂಬಳಕಾಯಿ ನಂಗೆ ಸೇರಲ್ಲ ಅಂತ ಇವಳಿಗೆ ಚೆನ್ನಾಗಿ ಗೊತ್ತು. ಆದ್ರೂ ವಾರಕ್ಕೆರಡು ಸಲ ಅದನ್ನೇ ಮಾಡ್ತಾಳೆ. ಸೇಡು ತೀರಿಸ್ಕೊಳ್ಳೋದು" ಎಂದು ಅಜ್ಜಿ ಹೇಳಿದರೆ, ಒಲೆಯ ಕಡೆಯಿಂದ ಉತ್ತರ ಬರುತ್ತದೆ: "ಮನೇಲಿ ಆಡಿದ್ದಕ್ಕೆಲ್ಲ ಇಲ್ಲಿ ವಸೂಲಿ ಅಕ್ಕ!"

ಈಗ ಹೀಗೆ ನಗುತ್ತಿರುವ ಇಬ್ಬರೂ ಎರಡು ತಿಂಗಳ ಹಿಂದೆ ಪೂರಾ ಒಂದು ದಿನ ಮಾತು ಬಿಟ್ಟಿದ್ದರು.

ಅಂದು ಅನ್ನ, ಬೀನ್ಸ್ ಹಾಕಿದ ಬೇಳೆ, ಬೇಯಿಸಿದ ಮೊಟ್ಟೆ. ಅಜ್ಜಿ ಎಂದಿನಂತೆ ಉಂಡರು, ಕುರ್ಚಿಯಲ್ಲಿ ಕೂತರು. ಹೊರಗೆ ಸಾಲು ನಿಂತಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಯಿತು. ಬಾಯಲ್ಲಿ ನೀರೂರಿತು, ಹಣೆಯಲ್ಲಿ ತಣ್ಣನೆ ಬೆವರು. ತಂತಾನೇ ಹೋಗುತ್ತದೆಂದು ಕುರ್ಚಿಯ ಕೈ ಹಿಡಿದು ಕೂತರು. ಹೋಗಲಿಲ್ಲ. ಕಿಟಕಿಗೆ ಬಂದ ಬಾಯಿಬಡುಕಿ ಬದುಕಿದ್ದೀರಾ ಎಂದು ಕೇಳಿದಳು. ಅಜ್ಜಿ ಸೆರಗಿನಿಂದ ಹಣೆ ಒರೆಸಿಕೊಂಡು ಅವಳತ್ತ ತಿರುಗಿದರು.

"ಆ ಹುಡುಗಿ ಮುಖ ನೋಡಿದೆ. ಎದೆ ಧಸಕ್ ಅಂತು. ಒಂಬತ್ತು ವರ್ಷ ಕೂತಿದ್ದೀನಿ, ಯಾವತ್ತೂ ಏನೂ ಆಗಿರಲಿಲ್ಲ. ಆಗೋದಿಲ್ಲ ಅಂತಲೇ ಅಭ್ಯಾಸ ಆಗಿಹೋಗಿತ್ತು."

ಓರಗಿತ್ತಿ ಇವರ ಮುಖ ನೋಡಿದ ತಕ್ಷಣ ಸೌಟು ಬಿಟ್ಟು ಬಂದರು. ಆಗ ಅಡುಗೆಮನೆಯಲ್ಲಿ ಆದ ಮಾತನ್ನು ಇಬ್ಬರೂ ಒಂದೇ ರೀತಿ ಹೇಳುತ್ತಾರೆ.

"ಅಕ್ಕಾ, ಗ್ಯಾಸ್ ಇರ್ಬೇಕು. ನೀರು ಕುಡೀರಿ, ಸರಿಹೋಗುತ್ತೆ."

"ಕುಡಿದೆ ಕಣೇ. ಹೋಗ್ತಿಲ್ಲ."

"ನಾನು ಬೇಳೆ ಎರಡು ಸಲ ತೊಳೆದಿದ್ದೀನಿ. ಮೊಟ್ಟೆ ಒಂದೊಂದೇ ನೀರಲ್ಲಿ ಮುಳುಗಿಸಿ ನೋಡಿದ್ದೀನಿ. ನೀವು ಈಗ ಬಾಯಿಬಿಟ್ಟರೆ ನನ್ನ ಗತಿ ಏನು ಅಕ್ಕ?"

"ನಿನ್ನ ಮೇಲೆ ನಂಗೆ ಅನುಮಾನ ಇಲ್ಲ. ಆದ್ರೆ ಹೊಟ್ಟೆ ತೊಳಸ್ತಿದೆ. ಹೇಳದೆ ಹ್ಯಾಗಿರ್ಲಿ?"

ಓರಗಿತ್ತಿಯ ಮಾತಿನಲ್ಲಿ ಸುಳ್ಳಿರಲಿಲ್ಲ. ಊಟ ಕೆಟ್ಟಿದೆ ಎಂದಾದರೆ ಅಡುಗೆಯವಳ ಕೆಲಸ ಆ ಕ್ಷಣಕ್ಕೆ ಹೋಗುತ್ತದೆ. ಮಕ್ಕಳಿಗೆ ಕೆಟ್ಟ ಊಟ ಬೇಯಿಸಿದವಳೆಂಬ ಹೆಸರು ಹೊತ್ತ ಹೆಂಗಸಿಗೆ ಇನ್ಯಾವ ಅಡುಗೆಮನೆಯೂ ಬಾಗಿಲು ತೆರೆಯುವುದಿಲ್ಲ. ಅಜ್ಜಿ ಸುಮ್ಮನೆ ಇನ್ನೊಂದು ಹದಿನೈದು ನಿಮಿಷ ಹಲ್ಲುಕಚ್ಚಿ ಕೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವರು ಎದ್ದರು. ನಾಲ್ಕು ಪಾತ್ರೆಗಳಿಗೂ ಮುಚ್ಚಳ ಮುಚ್ಚಿದರು. ಬಾಗಿಲಿಗೆ ಬಂದು, "ಬಡಿಸಬೇಡಿ. ಮೇಡಂ ಅವರನ್ನ ಕರೀರಿ" ಎಂದು ಕೂಗಿ ಹೇಳಿದರು. ಆಮೇಲೆ ಹಿತ್ತಲಿಗೆ ಓಡಿ, ಉಂಡದ್ದನ್ನೆಲ್ಲ ಕಕ್ಕಿದರು.

ಮುಂದಿನದು ಕೇಳುವುದೇ ಬೇಡ. ಆರೋಗ್ಯ ಇಲಾಖೆಯವರು ಬಂದು ಪ್ರತಿ ಪಾತ್ರೆಯಿಂದಲೂ ಡಬ್ಬಿಗಳಲ್ಲಿ ಒಂದಿಷ್ಟು ತುಂಬಿಸಿಕೊಂಡು ಹೋದರು. ಉಳಿದ ಅಷ್ಟೂ ಅನ್ನ, ಬೇಳೆ ಗುಂಡಿಗೆ ಬಿತ್ತು. ಅಡುಗೆಮನೆಗೆ ಬೀಗ ಬಿತ್ತು. ಪರೀಕ್ಷೆ ಮುಗಿಯುವವರೆಗೆ ಬರಬೇಡವೆಂದು ಓರಗಿತ್ತಿಯನ್ನು ಮನೆಗೆ ಕಳಿಸಿದರು. ಬೇಕರಿಯಿಂದ ಬ್ರೆಡ್ಡು, ಮಾರುಕಟ್ಟೆಯಿಂದ ಬಾಳೆಹಣ್ಣು ತರಿಸುವ ಹೊತ್ತಿಗೆ ಚಿಕ್ಕ ಮಕ್ಕಳು ಹಸಿವಿನಿಂದ ಅಳಲು ಶುರುಮಾಡಿದ್ದರು. ಸುದ್ದಿ ಕೇಳಿ ಗೇಟಿನ ಹತ್ತಿರ ಸೇರಿದ ಅಪ್ಪ ಅಮ್ಮಂದಿರಲ್ಲಿ ಒಬ್ಬ, "ಮುದುಕಿಗೆ ಹೊಟ್ಟೆನೋವು ಬಂದ್ರೆ ನಮ್ಮ ಮಕ್ಕಳು ಉಪವಾಸ ಬೀಳ್ಬೇಕಾ?" ಎಂದು ಗದರಿದ. ಅಜ್ಜಿಗೆ ಅದು ಕೇಳಿಸಿತು. ಆರೋಗ್ಯ ಕೇಂದ್ರದ ನರ್ಸು ಅವರ ಕೈ ಹಿಡಿದು ನಾಡಿ ನೋಡುತ್ತಾ, ಬೆಳಗ್ಗೆಯಿಂದ ಬೇರೇನು ತಿಂದಿರಿ ಎಂದು ಕೇಳುತ್ತಿದ್ದರು. ಏನೂ ಇಲ್ಲ, ಬರೀ ನೀರು ಎಂದರು ಅಜ್ಜಿ.

ಆ ಸಂಜೆ ಗೋಡೆಯ ಆಚೆಯಿಂದ ಪಾತ್ರೆಯ ಸದ್ದೂ ಬರಲಿಲ್ಲ. ನಲ್ಲಿಯ ಹತ್ತಿರ ಎದುರುಬದುರಾದಾಗ ಓರಗಿತ್ತಿ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಒಳಗೆ ಹೋದರು. ಮೈದುನ ಮಾತ್ರ ಬಾಗಿಲಲ್ಲಿ ನಿಂತು, "ಒಂದು ಮಾತು ನಮ್ಮನ್ನ ಕೇಳಿ ಹೇಳ್ಬಹುದಿತ್ತು ಅತ್ತಿಗೆ" ಎಂದು ಹೇಳಿ ಹೋದ.

"ಎರಡು ಕಡೆಯಿಂದಲೂ ಕಿತ್ತು ತಿನ್ನೋದು. ಊಟ ಕೆಟ್ಟಿತ್ತು ಅಂತ ಬಂದ್ರೆ ಇವಳು ಬೀದಿಗೆ ಬೀಳ್ತಾಳೆ. ಚೆನ್ನಾಗಿತ್ತು ಅಂತ ಬಂದ್ರೆ ನಾನು ಸುಮ್ಮಸುಮ್ಮನೆ ಅಷ್ಟು ಮಕ್ಕಳ ಅನ್ನ ಚೆಲ್ಲಿಸಿದ ಹಾಗಾಯ್ತು. ಆದ್ರೂ ಮನಸ್ಸು ಒಂದೇ ಬೇಡಿಕೊಳ್ತಿತ್ತು. ಚೆನ್ನಾಗಿತ್ತು ಅಂತಲೇ ಬರಲಪ್ಪ, ನನ್ನ ಮಾನ ಹೋದ್ರೆ ಹೋಗ್ಲಿ ಅಂತ" ಎನ್ನುತ್ತಾರೆ ಅಜ್ಜಿ.

ಮಾರನೇ ದಿನ ಮಧ್ಯಾಹ್ನ ಶಾಲೆಗೆ ಫೋನು ಬಂತು. ಅನ್ನ ಚೆನ್ನಾಗಿತ್ತು. ಬೇಳೆ ಚೆನ್ನಾಗಿತ್ತು. ಮೊಟ್ಟೆ, ನೀರು, ಉಪ್ಪು, ಎಲ್ಲ ಚೆನ್ನಾಗಿತ್ತು. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಊಟದಲ್ಲಿ ವಿಷವಿರುತ್ತದೆ, ಎಲ್ಲರೂ ಬಯ್ದ ಹೆಂಗಸು ಕೊನೆಗೆ ಹಾರ ಹಾಕಿಸಿಕೊಳ್ಳುತ್ತಾಳೆ. ಇಲ್ಲಿ ಹಾಗಾಗಲಿಲ್ಲ. ಅಜ್ಜಿಯ ಎಚ್ಚರಿಕೆ ಶುದ್ಧ ಸುಳ್ಳು ಎಚ್ಚರಿಕೆಯಾಗಿತ್ತು. ಸುದ್ದಿ ಹೇಳಲು ಬಂದ ಪಾತ್ರೆ ತೊಳೆಯುವಾಕೆಯ ಮುಂದೆ ಅಜ್ಜಿ ಹೊಸ್ತಿಲ ಮೇಲೇ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಸದ್ಯ, ಸದ್ಯ, ಸದ್ಯ" ಎಂದು ಅತ್ತುಬಿಟ್ಟರು.

ಹಾಗಾದರೆ ಹೊಟ್ಟೆ ತೊಳಸಿದ್ದೇಕೆ? ಅದನ್ನು ಪತ್ತೆ ಹಚ್ಚಿದವರು ಓರಗಿತ್ತಿ. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆಂದೇ ಗೋಡೆಯ ಈಚೆಗೆ ಬಂದರು. ಒಂದು ದಿನವಿಡೀ ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಬಾಯಿಯ ತುದಿಗೆ ಬಂದಿತ್ತು. ಆಗ ಕಿಟಕಿಯ ಮೇಲೆ ಹೊಸ ಮಾತ್ರೆಯ ಪಟ್ಟಿಯೊಂದು ಕಣ್ಣಿಗೆ ಬಿತ್ತು. ಒಂದು ಮಾತ್ರೆ ಖಾಲಿಯಾಗಿತ್ತು.

"ಅಕ್ಕಾ, ಇದೇನು?"

"ಮಂಡಿನೋವಿಗೆ. ಡಾಕ್ಟ್ರು ಕೊಟ್ಟಿದ್ದು. ಮೊನ್ನೆಯಷ್ಟೇ ತಂದೆ."

"ಯಾವಾಗ ತಗೊಂಡ್ರಿ?"

"ನಿನ್ನೆ ಬೆಳಗ್ಗೆ."

"ಹೇಗೆ ತಗೋಬೇಕು ಅಂತ ಹೇಳಿದ್ರು?"

"ಬೆಳಗ್ಗೆ ತಿಂಡಿ ತಿಂದು ತಗೊಳ್ಳಿ ಅಂದ್ರು. ನಂಗೆ ತಿಂಡಿ ತಿನ್ನೋ ಹಾಗಿಲ್ವಲ್ಲ. ಅದಕ್ಕೆ ತಿಂಡಿ ಬಿಟ್ಟೆ. ಮಾತ್ರೆ ತಗೊಂಡೆ."

ಓರಗಿತ್ತಿ ಇವರ ಮುಖವನ್ನೇ ನೋಡಿದರು. ಬೈಯಲು ಬಂದ ಬಾಯಿ ಹಾಗೇ ತೆರೆದಿತ್ತು. ಶಾಲೆಯ ನಿಯಮ ಮುರಿಯಬಾರದೆಂದು ಡಾಕ್ಟರ ನಿಯಮ ಮುರಿದ ಈ ಬುದ್ಧಿವಂತೆಯನ್ನು ಏನೆಂದು ಬೈಯುವುದು? ಖಾಲಿ ಹೊಟ್ಟೆಗೆ ಬಿದ್ದ ಆ ಮಾತ್ರೆ ಸುಮ್ಮನಿರುತ್ತದೆಯೇ? ಮೊದಲು ಒಂದು ಸಣ್ಣ ನಗು ಬಂತು. ಆಮೇಲೆ ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನರ್ಸು ಕೇಳಿದ್ರಲ್ಲ, ಹೇಳೋಕೇನಾಗಿತ್ತು?" ಎಂದರು ನಗುವಿನ ನಡುವೆಯೇ.

"ಏನು ತಿಂದಿರಿ ಅಂತ ಕೇಳಿದ್ರು. ಮಾತ್ರೆ ಊಟದ ಲೆಕ್ಕಕ್ಕೆ ಬರುತ್ತೆ ಅಂತ ಹೊಳೀಲೇ ಇಲ್ಲ ಕಣೇ" ಎಂದು ಅಜ್ಜಿಯೂ ನಗಲು ಶುರುಮಾಡಿದರು. ಆ ಸಂಜೆ ಎರಡೂ ಮನೆಯ ಊಟ ಗೋಡೆಯ ಆಚೆ ಕಡೆಯೇ ಆಯಿತು. ಉಪ್ಪು ಜಾಸ್ತಿಯಾಗಿತ್ತಂತೆ. ಅಂದು ಮಾತ್ರ ಅಜ್ಜಿ ತುಟಿ ಪಿಟಕ್ಕೆನ್ನಲಿಲ್ಲ.

ಶಾಲೆಯಲ್ಲಿ ಎಲ್ಲರೂ ಅಷ್ಟು ಸುಲಭವಾಗಿ ನಗಲಿಲ್ಲ. ಈಕೆಯನ್ನು ಬದಲಾಯಿಸಿ ಎಂದು ಕೆಲವರು ಮೂಗು ಮುರಿದರು. ಮುಖ್ಯೋಪಾಧ್ಯಾಯಿನಿ ಮೇಲಿನವರಿಂದ ಹೇಳಿಸಿಕೊಳ್ಳಬೇಕಾದ್ದನ್ನೆಲ್ಲ ಹೇಳಿಸಿಕೊಂಡರು. "ನಂಗೂ ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ" ಎನ್ನುತ್ತಾರೆ ಅವರು. "ಆದ್ರೆ ಯೋಚನೆ ಮಾಡಿ ನೋಡಿ. ಊಟ ಕೆಟ್ಟಿದೆ ಅಂತ ಅವರು ಹೇಳಲೇ ಇಲ್ಲ. ಹೊಟ್ಟೆ ತೊಳಸ್ತಿದೆ, ಬಡಿಸಬೇಡಿ ಅಂದ್ರು. ಅದು ನಿಜವೇ ಆಗಿತ್ತಲ್ಲ? ಅವತ್ತು ರಾತ್ರಿ ನಾನು ಕಣ್ಣು ಮುಚ್ಚಿರಲಿಲ್ಲ. ಫೋನು ಬಂದ ಮೇಲೆ ಅಷ್ಟು ಮಕ್ಕಳೂ ಎಂದಿನ ಹಾಗೆ ಗಲಾಟೆ ಮಾಡ್ತಿರೋದನ್ನ ಕೇಳಿಸ್ಕೊಂಡು, ಮೊದಲ ಸಲ ಯಾರಿಗೂ ಸುಮ್ಮನಿರಿ ಅಂತ ಹೇಳ್ಲಿಲ್ಲ."

ಈಗ ನಿಯಮಕ್ಕೆ ಹೊಸ ಸಾಲೊಂದು ಸೇರಿದೆ. ಮೊದಲ ತಟ್ಟೆ ಉಣ್ಣುವವರು ಬೆಳಗ್ಗೆ ಔಷಧಿ ಏನಾದರೂ ತೆಗೆದುಕೊಂಡಿದ್ದರೆ ಮುಂಚೆಯೇ ಹೇಳಿ, ಅಂದು ಬೇರೆಯವರನ್ನು ಕೂರಿಸಬೇಕು. ಅದನ್ನು ಸೇರಿಸಿರೆಂದು ಹಟ ಹಿಡಿದು ಕೇಳಿದವರು ಅಜ್ಜಿಯೇ. ಮಂಡಿಯ ಮಾತ್ರೆಯನ್ನು ಡಾಕ್ಟರು ರಾತ್ರಿ ಊಟದ ನಂತರಕ್ಕೆ ಬದಲಾಯಿಸಿದ್ದಾರೆ.

ಅಡುಗೆಮನೆ ಮತ್ತೆ ತೆರೆದ ದಿನ ಓರಗಿತ್ತಿ ಬೇಕೆಂದೇ ಅದೇ ಅನ್ನ, ಅದೇ ಬೀನ್ಸ್ ಹಾಕಿದ ಬೇಳೆ, ಅದೇ ಮೊಟ್ಟೆ ಮಾಡಿದರು. ಅಜ್ಜಿ ಉಂಡು ಕುರ್ಚಿಯಲ್ಲಿ ಕೂತರು. ಅಂದು ಓರಗಿತ್ತಿಗೆ ಒಲೆಯ ಹತ್ತಿರ ನಿಲ್ಲಲಾಗಲಿಲ್ಲ. ಬಂದು ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಅಕ್ಕನ ಮುಖವನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹೊರಗೆ ಐನೂರು ಮಕ್ಕಳು ಪಿಸುಪಿಸು ಎನ್ನುತ್ತಿದ್ದರು. ಯಾರೂ ತಟ್ಟೆ ಬಡಿಯಲಿಲ್ಲ. ಅರ್ಧ ಗಂಟೆ ಕಳೆದು ಅಜ್ಜಿ ಎದ್ದು ಗಂಟೆ ಬಾರಿಸಿದಾಗ ಎದ್ದ ಕೂಗು ಪಕ್ಕದ ಬೀದಿಯವರೆಗೂ ಕೇಳಿಸಿತಂತೆ.

ಇಂದು ಕುಂಬಳಕಾಯಿ ದಿನ. ತಟ್ಟೆ ಬರುತ್ತದೆ. ಅಜ್ಜಿ ಮುಖ ಸಿಂಡರಿಸದೆ ಒಂದೊಂದೇ ತುತ್ತು ಉಣ್ಣುತ್ತಾರೆ, ತಳದಲ್ಲಿ ಉಳಿದದ್ದನ್ನೂ ಬೆರಳಿನಿಂದ ಬಳಿದುಕೊಳ್ಳುತ್ತಾರೆ. ಕೈ ತೊಳೆದು ಕುರ್ಚಿಯಲ್ಲಿ ಕೂರುತ್ತಾರೆ. ಇನ್ನೆರಡು ವರ್ಷಕ್ಕೆ ಈ ಕೆಲಸದಿಂದ ಬಿಡುಗಡೆ. ಆಮೇಲೆ ಯಾರು ಕೂರುತ್ತಾರೆ ಎಂದರೆ ಓರಗಿತ್ತಿ ಸೌಟು ನಿಲ್ಲಿಸುತ್ತಾರೆ.

"ಅದನ್ನ ನೆನೆಸ್ಕೊಂಡ್ರೆ ಈಗಲೇ ಭಯ ಆಗುತ್ತೆ. ಅವತ್ತು ಅಕ್ಕ ನನ್ನ ಮುಖ ನೋಡ್ಕೊಂಡು ಸುಮ್ಮನಿದ್ದಿದ್ರೆ ನಂಗೆ ಸಂತೋಷ ಆಗ್ತಿತ್ತೇನೋ. ಆದ್ರೆ ಆಮೇಲೆ ದಿನಾ ಬಡಿಸುವಾಗ ಅನುಮಾನ ಇರ್ತಿತ್ತು, ಇವತ್ತೂ ಸುಮ್ಮನೆ ಕೂತಿದ್ದಾರೇನೋ ಅಂತ. ಈಗ ಅಕ್ಕ ಗಂಟೆ ಹೊಡೆದ್ರೆ ನಾನು ಕಣ್ಣು ಮುಚ್ಚಿ ಬಡಿಸ್ತೀನಿ."

ಅಜ್ಜಿಗೆ ಹೊಗಳಿಕೆ ಅಭ್ಯಾಸವಿಲ್ಲ. ಬಾಗಿಲಾಚೆ ನೋಡುತ್ತಾ ಸೆರಗು ಸರಿಮಾಡಿಕೊಳ್ಳುತ್ತಾರೆ. ಹೋಗುವ ಮುಂಚೆ ನಿಮಗೇನು ಆಸೆ ಎಂದು ಕೇಳಿದರೆ ಕಿಟಕಿಯಾಚೆ ನಿಂತ ಮಕ್ಕಳ ಸಾಲು ನೋಡಿ ನಗುತ್ತಾರೆ. ಅಷ್ಟರಲ್ಲಿ ಅರ್ಧ ಗಂಟೆ ಮುಗಿಯುತ್ತದೆ. ಮಂಡಿಯ ಮೇಲೆ ಕೈಯೂರಿ ಏಳುತ್ತಾ ಹೇಳುತ್ತಾರೆ:

"ನಾನು ಈ ಕುರ್ಚೀಲಿ ಕೂತಿದ್ದರಿಂದ ಒಂದು ದಿನವೂ, ಯಾರಿಗೂ, ಏನೂ ಉಪಯೋಗ ಆಗಬಾರದು. ಇಷ್ಟು ವರ್ಷ ಆಗಿಲ್ಲ. ಇನ್ನೆರಡು ವರ್ಷ ಹೀಗೇ ದಂಡವಾಗಿ ಕೂತು ಎದ್ದು ಹೋದ್ರೆ, ಅದಕ್ಕಿಂತ ಇನ್ನೇನು ಬೇಕು?"

ಅಷ್ಟು ಹೇಳಿ ಅವರು ಗಂಟೆ ಬಾರಿಸುತ್ತಾರೆ.